ಓದುಗರ ಪ್ರಶ್ನೆ, ತಜ್ಞರ ಉತ್ತರ: ಮಂಡಿಯ ಲಿಗಮೆಂಟ್ ಹರಿದ ಮೇಲೆ ಮತ್ತೆ ಆಟಕ್ಕಿಳಿಯುವುದು ಯಾವಾಗ?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಮಂಡಿಯವೇ. ಆಷಾಢ ಬಂತು, ಅದರ ಬೆನ್ನಿಗೇ ಊರೂರ ಟೂರ್ನಮೆಂಟು, ದಸರಾ ಕುಸ್ತಿ. ಎಲ್ಲರಿಗೂ ಅವಸರ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ, ಹೆಸರು ಬಿಟ್ಟು ಇಲ್ಲಿ ಕೊಟ್ಟಿದ್ದೇವೆ. ಉತ್ತರಿಸಿದವರು ನಮ್ಮ ಫಿಸಿಯೋಥೆರಪಿ ಮತ್ತು ಮೂಳೆ-ಕೀಲು ತಜ್ಞರ ಬಳಗ.

ಪ್ರಶ್ನೆ: ಸರ್, ನನಗೆ 22 ವರ್ಷ. ಕಬಡ್ಡಿ ರೇಡರ್. ಬಲ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್) ಹರಿದು, ತೊಡೆ ಹಿಂದಿನ ಸ್ನಾಯುರಜ್ಜು ತಂದು ಹಾಕಿ ಆಪರೇಷನ್ ಆಗಿ ನಾಲ್ಕೂವರೆ ತಿಂಗಳಾಯ್ತು. ನೋವಿಲ್ಲ, ಊತ ಇಲ್ಲ, ದಿನಾ ಕೆರೆ ಏರಿ ಮೇಲೆ ಓಡ್ತಿದ್ದೀನಿ. ಮುಂದಿನ ತಿಂಗಳು ನಮ್ಮೂರ ಹಬ್ಬದ ಟೂರ್ನಮೆಂಟು. ಬ್ರೇಸ್ ಹಾಕ್ಕೊಂಡು ನಾಲ್ಕೈದು ರೇಡ್ ಮಾಡಬಹುದಾ?
— ಮದ್ದೂರು ತಾಲ್ಲೂಕಿನ ಓದುಗ

ಉತ್ತರ: ಬೇಡ. ಒಂದೇ ಒಂದು ರೇಡ್ ಕೂಡ ಬೇಡ.

ನಿಮ್ಮ ತೊಡೆಯ ಹಿಂಬದಿಯಿಂದ ತೆಗೆದ ಸ್ನಾಯುರಜ್ಜು ಈಗ ಮಂಡಿಯೊಳಗೆ ಲಿಗಮೆಂಟಿನ ಕೆಲಸ ಕಲಿಯುತ್ತಿದೆ. ಕಿತ್ತು ತಂದಾಗ ಅದರ ರಕ್ತ ಸಂಚಾರ ಕಡಿದುಹೋಗಿರುತ್ತದೆ. ಹಳೆಯ ಜೀವಕೋಶಗಳು ಸತ್ತು, ಹೊಸ ರಕ್ತನಾಳಗಳು ಒಳಹೊಕ್ಕು, ಎಳೆಗಳು ಮತ್ತೆ ಜೋಡಿಕೊಳ್ಳಬೇಕು. ಒಟ್ಲಿನಿಂದ ಕಿತ್ತು ನಾಟಿ ಮಾಡಿದ ಪೈರು ಮೊದಲು ಸೊರಗಿ ಆಮೇಲೆ ಬೇರು ಕಚ್ಚುವ ಹಾಗೆ. ಆಪರೇಷನ್ ಆದ ದಿನ ಗಟ್ಟಿಯಾಗಿದ್ದ ಗ್ರಾಫ್ಟ್, ಅಂದರೆ ಹೀಗೆ ತಂದು ಕೂರಿಸಿದ ರಜ್ಜು, ಸುಮಾರು ಆರರಿಂದ ಹನ್ನೆರಡನೇ ವಾರದ ನಡುವೆ ಅತ್ಯಂತ ದುರ್ಬಲವಾಗಿರುತ್ತದೆ. ಪೂರ್ತಿ ಪಕ್ವವಾಗಲು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಇದ್ಯಾವುದೂ ನಿಮಗೆ ನೋವಾಗಿ ಗೊತ್ತಾಗುವುದಿಲ್ಲ. ನೋವಿಲ್ಲ ಎನ್ನುವುದು ಗ್ರಾಫ್ಟ್ ಗಟ್ಟಿಯಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಇನ್ನು ಕೆರೆ ಏರಿ ಮೇಲಿನ ಓಟ. ನೇರ ಓಟಕ್ಕೆ ಎಸಿಎಲ್‌ನಿಂದ ಹೆಚ್ಚು ಕೆಲಸವಿಲ್ಲ. ಮೊಣಕಾಲಿನ ಕೆಳಮೂಳೆ ಮುಂದಕ್ಕೆ ಜಾರದಂತೆ, ಒಳಕ್ಕೆ ತಿರುಚದಂತೆ ಹಿಡಿಯುವುದು ಅದರ ಕೆಲಸ. ಬೋನಸ್ ಗೆರೆ ದಾಟಿ ಒಂದು ಕಾಲೂರಿ ಗಕ್ಕನೆ ಹಿಂದಿರುಗುವಾಗ, ಕ್ಯಾಚರ್ ಆ್ಯಂಕಲ್ ಹೋಲ್ಡ್ ಹಾಕಿದ ಕಾಲಿನ ಮೇಲೆಯೇ ಮೈ ತಿರುಗಿಸಿ ಗೆರೆ ಮುಟ್ಟಲು ಹೊರಳುವಾಗ ಈ ಎರಡೂ ಒತ್ತಡ ಒಟ್ಟಿಗೇ ಬೀಳುತ್ತವೆ. ಆಗ ಬ್ರೇಸ್ ಏನು ಮಾಡುತ್ತದೆ? ಧೈರ್ಯ ಕೊಡುತ್ತದೆ, ಅಷ್ಟೇ. ಆ ವೇಗದ ತಿರುಚುವಿಕೆಯನ್ನು ತಡೆಯುವ ಬಲ ಅದಕ್ಕಿಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ನಾರ್ವೆ ಮತ್ತು ಅಮೆರಿಕದ ತಂಡ 106 ಮಂದಿಯನ್ನು ಎರಡು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮಂಡಿಗೆ ಮರುಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಶಕ್ತಿಯ ಮತ್ತು ನೆಗೆತದ ಪರೀಕ್ಷೆಗಳನ್ನು ಪಾಸು ಮಾಡದೆ ಆಡಿದವರಲ್ಲಿ ಶೇ 38ರಷ್ಟು ಮಂದಿಗೆ ಮತ್ತೆ ಪೆಟ್ಟಾಯಿತು. ಪಾಸಾದವರಲ್ಲಿ ಶೇ 6ಕ್ಕೂ ಕಡಿಮೆ. 25ರ ಒಳಗಿನ ಆಟಗಾರರು ಮರಳಿ ಆಡಿದಾಗ ನಾಲ್ಕೈದು ಮಂದಿಗೆ ಒಬ್ಬರಂತೆ ಎರಡನೇ ಸಲ ಎಸಿಎಲ್ ಹರಿದುಕೊಂಡಿದ್ದಾರೆ. ಅದು ಆಪರೇಷನ್ ಆದ ಮಂಡಿಯೇ ಆಗಬೇಕೆಂದಿಲ್ಲ, ಚೆನ್ನಾಗಿದ್ದ ಮಂಡಿಯೂ ಹೋಗುತ್ತದೆ.

ಹಾಗಾದರೆ ಈಗ ಏನು ಮಾಡಬೇಕು? ಬರೀ ಓಡುವುದನ್ನು ಕಡಿಮೆ ಮಾಡಿ, ಭಾರ ಎತ್ತುವುದನ್ನು ಹೆಚ್ಚಿಸಿ. ಈ ಹಂತದಲ್ಲಿ ನಾವು ಕಾಣುವ ದೊಡ್ಡ ಕೊರತೆ ತೊಡೆಯ ಮುಂಭಾಗದ ಸ್ನಾಯು, ಅಂದರೆ ಕ್ವಾಡ್ರಿಸೆಪ್ಸ್. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಒಂಟಿ ಕಾಲಿನ ಲೆಗ್ ಪ್ರೆಸ್ ನಾಲ್ಕು ಸೆಟ್, ಪ್ರತಿ ಸೆಟ್‌ಗೆ 6ರಿಂದ 8 ಸಲ. ತೂಕ ಹೇಗಿರಬೇಕೆಂದರೆ ಎಂಟನೆಯದು ಎತ್ತಿದ ಮೇಲೆ ಇನ್ನೊಂದೆರಡು ಮಾತ್ರ ಸಾಧ್ಯ ಅನಿಸಬೇಕು. 20 ಸಲ ಆರಾಮಾಗಿ ಎತ್ತುವ ತೂಕದಿಂದ ನಿಮಗೆ ಬೇಕಾದ ಶಕ್ತಿ ಬರುವುದಿಲ್ಲ. ಜೊತೆಗೆ ಹಿಂಗಾಲನ್ನು ಬೆಂಚಿನ ಮೇಲಿಟ್ಟು ಸ್ಪ್ಲಿಟ್ ಸ್ಕ್ವಾಟ್, ಲೆಗ್ ಎಕ್ಸ್‌ಟೆನ್ಷನ್ (ಕುಳಿತು ಮಂಡಿ ಚಾಚಿ ಭಾರ ಎತ್ತುವುದು), ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಬಾಗಿ ಭಾರ ಎತ್ತುವುದು), ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು. ಗ್ರಾಫ್ಟ್ ತೊಡೆಯ ಹಿಂಬದಿಯಿಂದಲೇ ಬಂದಿರುವುದರಿಂದ ಹ್ಯಾಮ್‌ಸ್ಟ್ರಿಂಗ್‌ಗೆ ಬೇರೆಯೇ ಕೆಲಸ ಬೇಕು. ನೋರ್ಡಿಕ್ ವ್ಯಾಯಾಮವನ್ನು (ಮಂಡಿಯೂರಿ, ಹಿಮ್ಮಡಿ ಹಿಡಿಸಿಕೊಂಡು ಮೈಯನ್ನು ನಿಧಾನಕ್ಕೆ ಮುಂದೆ ವಾಲಿಸುವುದು) ವಾರಕ್ಕೆ ಎರಡು ದಿನ ಮೂರರಿಂದ ಐದು ಸಲದಿಂದ ಶುರುಮಾಡಿ. ಎರಡೂ ಕಾಲಿನ ಸ್ಕ್ವಾಟ್ ಒಂದನ್ನೇ ನಂಬಬೇಡಿ. ನಿಮಗೇ ಗೊತ್ತಿಲ್ಲದೆ ಭಾರವೆಲ್ಲ ಎಡಗಾಲಿಗೆ ವಾಲಿರುತ್ತದೆ.

ಲೆಗ್ ಎಕ್ಸ್‌ಟೆನ್ಷನ್ ಮಾಡಿದರೆ ಗ್ರಾಫ್ಟ್ ಎಳೆಯುತ್ತದೆ ಎಂದು ಜಿಮ್ಮಿನಲ್ಲಿ ಹೆದರಿಸುತ್ತಾರೆ ಎಂದು ಇನ್ನೂ ಇಬ್ಬರು ಬರೆದಿದ್ದಾರೆ. ಮೊದಲ ವಾರಗಳಿಗೆ ಆ ಎಚ್ಚರಿಕೆ ಸರಿ. ಸಾಮಾನ್ಯವಾಗಿ ನಾಲ್ಕನೇ ವಾರದಿಂದ 90ರಿಂದ 45 ಡಿಗ್ರಿಯವರೆಗೆ ಮಾತ್ರ ಹಗುರವಾಗಿ ಮಾಡಿಸಿ, ಮೂರು ತಿಂಗಳ ಹೊತ್ತಿಗೆ ಪೂರ್ತಿ ಚಾಚುವವರೆಗೆ ಒಯ್ಯುತ್ತೇವೆ. ಆಮೇಲೂ ಅದನ್ನು ಬಿಟ್ಟವರ ತೊಡೆ ವರ್ಷ ಕಳೆದರೂ ಸಣ್ಣದಾಗಿಯೇ ಉಳಿಯುತ್ತದೆ, ಏಕೆಂದರೆ ಸ್ಕ್ವಾಟಿನಲ್ಲಿ ಸೊಂಟ, ಪೃಷ್ಠಗಳು ಸೇರಿ ದುರ್ಬಲ ಸ್ನಾಯುವನ್ನು ಮರೆಮಾಚುತ್ತವೆ.

ಒಂಬತ್ತನೇ ತಿಂಗಳ ಹೊತ್ತಿಗೆ ಪರೀಕ್ಷೆ. ಜಿಮ್ಮಿನ ಲೆಗ್ ಎಕ್ಸ್‌ಟೆನ್ಷನ್ ಮೆಷಿನ್ನಿನಲ್ಲಿ ಒಂದೊಂದೇ ಕಾಲಲ್ಲಿ ನೋಡಿ: ಎಡಗಾಲು 40 ಕೆ.ಜಿ.ಯನ್ನು ಎಂಟು ಸಲ ಎತ್ತಿದರೆ ಬಲಗಾಲು ಕನಿಷ್ಠ 36 ಕೆ.ಜಿ.ಯನ್ನು ಎಂಟು ಸಲ ಎತ್ತಬೇಕು. ಅಂದರೆ ಶೇ 90. ಫಿಸಿಯೋ ಬಳಿ ಸ್ನಾಯುಬಲ ಅಳೆಯುವ ಡೈನಮೋಮೀಟರ್ ಇದ್ದರೆ ಅಳತೆ ಇನ್ನೂ ಕರಾರುವಾಕ್ಕು. ಬಳಿಕ ನೆಲದ ಮೇಲೆ ಟೇಪು ಹಾಸಿ ಒಂಟಿ ಕಾಲಿನ ನೆಗೆತ: ಒಂದು ನೆಗೆತದ ದೂರ, ಸಾಲಾಗಿ ಮೂರು ನೆಗೆತದ ದೂರ, ಗೆರೆಯ ಆಚೀಚೆ ದಾಟುತ್ತ ಮೂರು ನೆಗೆತ, ಆರು ಮೀಟರ್ ಕುಂಟುತ್ತ ಹೋಗಲು ತಗಲುವ ಸಮಯ. ಎಡಗಾಲು 150 ಸೆಂ.ಮೀ. ನೆಗೆದರೆ ಬಲಗಾಲು 135 ದಾಟಬೇಕು, ಮತ್ತು ಇಳಿದ ಜಾಗದಲ್ಲಿ ಅಲುಗಾಡದೆ ಎರಡು ಸೆಕೆಂಡ್ ನಿಲ್ಲಬೇಕು. ಮೊಬೈಲಿನಲ್ಲಿ ಎದುರಿನಿಂದಲೂ ಪಕ್ಕದಿಂದಲೂ ವಿಡಿಯೋ ಮಾಡಿಸಿ. ದೂರ ಸರಿಯಿದ್ದೂ ಮಂಡಿ ಒಳಕ್ಕೆ ಬಾಗಿದರೆ, ಅಥವಾ ಮಂಡಿಯನ್ನು ಮಡಚದೆ ಸೊಂಟದಿಂದಲೇ ಬಾಗಿ ಇಳಿದರೆ ಅದು ಪಾಸಲ್ಲ. ಸೊಂಟ ಮತ್ತು ಪಾದದ ಬಲದಿಂದ ಮಂಡಿಯನ್ನು ಬಚ್ಚಿಟ್ಟುಕೊಂಡು ನೆಗೆಯುವುದರಲ್ಲಿ ಆಟಗಾರರು ಬಹಳ ಜಾಣರು. ಇನ್ನೊಂದು ಮಾತು: ಇಷ್ಟು ತಿಂಗಳು ಎಡಗಾಲೂ ಆಡದೆ ಸೊರಗಿರುತ್ತದೆ. ಸೊರಗಿದ ಕಾಲಿನ ಶೇ 90 ಅಂದರೆ ಬೀಗಬೇಡಿ, ಎರಡನ್ನೂ ಬಲಪಡಿಸಿ.

ಇವೆಲ್ಲ ದಾಟಿದ ಮೇಲೆ ಅಂಕಣ. ಮೊದಲು 45 ಡಿಗ್ರಿ ತಿರುವಿನ ಓಟ, ಆಮೇಲೆ 90, ಆಮೇಲೆ ಹಿಂದಿರುಗುವ ತಿರುವು. ಮೊದಲು ಎಲ್ಲಿ ತಿರುಗಬೇಕೆಂದು ತಿಳಿದು, ಬಳಿಕ ಕೋಚ್ ಕೈಸನ್ನೆ ನೋಡಿ ತಿರುಗುವುದು. ಅದಾದ ಮೇಲೆ ಯಾರೂ ಹಿಡಿಯದ ರೇಡ್, ನಿಧಾನಗತಿಯ ಹಿಡಿತ, ಕೊನೆಗೆ ಪೂರ್ತಿ ಅಭ್ಯಾಸ. ಪೂರ್ತಿ ಅಭ್ಯಾಸದಲ್ಲಿ ನಾಲ್ಕು ವಾರ ಕಳೆಯದೆ ಪಂದ್ಯ ಬೇಡ. ಮಣ್ಣಿನ ಅಂಕಣದಲ್ಲಿ ಅಭ್ಯಾಸ ಮಾಡಿ ಸೀದಾ ಮ್ಯಾಟ್ ಮೇಲೆ ಇಳಿಯಬೇಡಿ. ಮಣ್ಣಿನಲ್ಲಿ ಪಾದ ಸ್ವಲ್ಪ ಜಾರಿ ಮಂಡಿಯನ್ನು ಉಳಿಸುತ್ತದೆ; ಮ್ಯಾಟ್ ಮೇಲೆ ಶೂ ಕಚ್ಚಿಕೊಂಡು ನಿಂತರೆ ತಿರುಚುವ ಬಲವೆಲ್ಲ ಮಂಡಿಗೇ. ಪ್ರತಿ ಹಂತಕ್ಕೂ ಒಂದೇ ನಿಯಮ: ಮರುದಿನ ಬೆಳಿಗ್ಗೆ ಮಂಡಿ ಊದಿದ್ದರೆ, ಅಥವಾ ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ನೋವಿದ್ದರೆ ಒಂದು ಹಂತ ಕೆಳಗಿಳಿಯಿರಿ. ಊರ ಹಬ್ಬಕ್ಕೆ ಈ ವರ್ಷ ಸ್ಕೋರ್ ಬರೆಯಲು ಹೋಗಿ.

ಪ್ರಶ್ನೆ: ಎಸಿಎಲ್ ಆಪರೇಷನ್ ಆಗಿ ಹನ್ನೆರಡು ದಿನ. ಮಂಡಿ ಪೂರ್ತಿ ನೇರವಾಗುತ್ತಿಲ್ಲ. ಅಮ್ಮ ಮಂಡಿಯ ಕೆಳಗೆ ದಿಂಬು ಇಡುತ್ತಾರೆ, ಹಾಗಿದ್ದರೇ ಹಿತ. ಮಡಚುವುದನ್ನು ಮೊದಲು ಮಾಡಲೋ, ಚಾಚುವುದನ್ನೋ?
— ಕುವೆಂಪುನಗರ, ಮೈಸೂರು

ಉತ್ತರ: ಚಾಚುವುದು ಮೊದಲು. ದಿಂಬನ್ನು ಇವತ್ತೇ ತೆಗೆಯಿರಿ. ಅಮ್ಮನಿಗೆ ಬೇಜಾರಾಗುವುದಾದರೆ ಅದೇ ದಿಂಬನ್ನು ಹಿಮ್ಮಡಿಯ ಕೆಳಗಿಡಲು ಹೇಳಿ.

ಮಡಚುವುದು ಕೆಲವು ವಾರ ತಡವಾದರೂ ಬರುತ್ತದೆ. ನೇರವಾಗುವುದು ಮೊದಲ ಎರಡು ಮೂರು ವಾರದಲ್ಲಿ ಬರದಿದ್ದರೆ ಕೀಲಿನ ಮುಂಭಾಗದಲ್ಲಿ ಗಾಯದ ಅಂಗಾಂಶ ಗಂಟು ಕಟ್ಟಿ ಬಾಗಿಲಿಗೆ ಕಲ್ಲು ಕೊಟ್ಟಂತೆ ಅಡ್ಡ ನಿಲ್ಲಬಹುದು, ಆಗ ಮತ್ತೆ ಕೀಲಿನೊಳಗೆ ದೂರ್ಬೀನು ಹಾಕಿ ತೆಗೆಯಬೇಕಾಗುತ್ತದೆ. ಐದು ಡಿಗ್ರಿ ಬಾಗಿದ ಮಂಡಿಯಲ್ಲೇ ನಡೆದರೆ ಕುಂಟು ನಿಲ್ಲುವುದಿಲ್ಲ, ಮಂಡಿಚಿಪ್ಪಿನ ಹಿಂದೆ ನೋವೂ ಶುರುವಾಗುತ್ತದೆ.

ಟವೆಲ್ ಸುತ್ತಿ ಹಿಮ್ಮಡಿಯ ಕೆಳಗಿಡಿ, ಮಂಡಿಯ ಕೆಳಗೆ ಏನೂ ಇರಬಾರದು. ಹತ್ತು ನಿಮಿಷ ಹಾಗೇ ಬಿಡಿ, ದಿನಕ್ಕೆ ನಾಲ್ಕೈದು ಸಲ. ಅದೇ ಭಂಗಿಯಲ್ಲಿ ತೊಡೆಯ ಮುಂಭಾಗವನ್ನು ಬಿಗಿದು ಮಂಡಿಯ ಹಿಂಬದಿಯನ್ನು ಹಾಸಿಗೆಗೆ ಒತ್ತಿ, ಐದು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯುವುದು ಕಣ್ಣಿಗೆ ಕಾಣಬೇಕು. ಕಾಣದಿದ್ದರೆ ಸ್ನಾಯು ಇನ್ನೂ ಎಚ್ಚೆತ್ತಿಲ್ಲ. ಅದಕ್ಕೆ ಕಾರಣ ಸೋಮಾರಿತನವಲ್ಲ, ಊತ: ಕೀಲಿನೊಳಗೆ ನೀರು ತುಂಬಿದಾಗ ಬೆನ್ನುಹುರಿಯ ಮಟ್ಟದಲ್ಲೇ ಆ ಸ್ನಾಯುವಿಗೆ ಹೋಗುವ ಆದೇಶ ತಗ್ಗುತ್ತದೆ. ಫಿಸಿಯೋ ಬಳಿ ಕರೆಂಟಿನ ಸ್ಟಿಮ್ಯುಲೇಷನ್ ಇದ್ದರೆ ಈ ಹಂತದಲ್ಲಿ ನಿಜವಾಗಿಯೂ ಉಪಯೋಗ. ಮಂಡಿ ಬಾಗದಂತೆ ನೇರ ಕಾಲನ್ನು ಹತ್ತು ಸಲ ಎತ್ತಲು ಬಂದು, ಕುಂಟದೆ ನಡೆಯಲು ಬರುವವರೆಗೆ ಊರುಗೋಲು ಬಿಡಬೇಡಿ. ಒಂದೇ ಊರುಗೋಲು ಸಾಕಾದಾಗ ಅದು ಆಪರೇಷನ್ ಆಗದ ಕಾಲಿನ ಕಡೆಯ ಕೈಯಲ್ಲಿರಬೇಕು.

ಊತ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಕಾಲು ಚಾಚಿ, ಮಂಡಿಯ ಒಳಮಗ್ಗುಲನ್ನು ಕೆಳಗಿನಿಂದ ಮೇಲಕ್ಕೆ ಎರಡು ಮೂರು ಸಲ ಸವರಿ. ಬಳಿಕ ಹೊರಮಗ್ಗುಲನ್ನು ಮೇಲಿನಿಂದ ಕೆಳಕ್ಕೆ ಸವರಿ, ಒಳಮಗ್ಗುಲಿನ ಗುಳಿ ನೋಡುತ್ತಿರಿ. ಸಣ್ಣ ಅಲೆ ಬಂದರೆ ಸ್ವಲ್ಪ ನೀರಿದೆ. ಹೊರಗೆ ಸವರುವ ಮೊದಲೇ ತಾನಾಗಿ ತುಂಬಿಕೊಂಡರೆ ಹೆಚ್ಚಿದೆ. ಅವತ್ತು ನಡಿಗೆ ಕಡಿಮೆ ಮಾಡಿ, ಕಾಲು ಎತ್ತರದಲ್ಲಿಟ್ಟು, ಬಟ್ಟೆ ಸುತ್ತಿದ ಐಸ್ ಹದಿನೈದು ನಿಮಿಷ ಇಡಿ.

ಮಡಚುವುದಕ್ಕೆ ಸಾಮಾನ್ಯ ಗುರಿ ಎರಡು ವಾರಕ್ಕೆ 90 ಡಿಗ್ರಿ, ಆರು ವಾರಕ್ಕೆ 120ರ ಆಸುಪಾಸು. ಆದರೆ ಮೆನಿಸ್ಕಸ್‌ಗೂ (ಮಂಡಿಯ ಮೂಳೆಗಳ ನಡುವಿನ ಮೆತ್ತೆಯಂಥ ಮೃದ್ವಸ್ಥಿ) ಹೊಲಿಗೆ ಹಾಕಿದ್ದರೆ ಲೆಕ್ಕ ಬೇರೆ: ನಾಲ್ಕರಿಂದ ಆರು ವಾರ 90 ಡಿಗ್ರಿ ದಾಟಬಾರದು, ಭಾರ ಹಾಕುವುದಕ್ಕೂ ಮಿತಿ ಇರುತ್ತದೆ. ಡಿಸ್ಚಾರ್ಜ್ ಕಾಗದದಲ್ಲಿ ಹೊಲಿಗೆ ಹಾಕಿದ್ದಾರೋ, ಹರಿದ ತುಂಡು ತೆಗೆದಿದ್ದಾರೋ ಎಂದು ಬರೆದಿರುತ್ತದೆ. ಗೊತ್ತಾಗದಿದ್ದರೆ ಸರ್ಜನ್‌ರನ್ನೇ ಕೇಳಿ. ನೆಲದ ಮೇಲೆ ಚಕ್ಕಳಬಕ್ಕಳ ಕೂರುವುದು, ಕುಕ್ಕರಗಾಲಿನ ಶೌಚ ಸದ್ಯಕ್ಕೆ ಬೇಡ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ.

ಮೀನಖಂಡ ಊದಿ ಬಿಗಿದು ನೋವು, ಜ್ವರ, ಗಾಯದಿಂದ ಕೀವು, ಇದ್ದಕ್ಕಿದ್ದಂತೆ ಉಸಿರಾಟಕ್ಕೆ ಕಷ್ಟ: ಇವುಗಳಲ್ಲಿ ಒಂದಿದ್ದರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೆ 36. ಭಾನುವಾರದ ಕ್ರಿಕೆಟ್ಟಿನಲ್ಲಿ ಎಡ ಮಂಡಿ ಟಕ್ ಅಂದು ಊದಿಕೊಂಡಿತು. ಎಂಆರ್‌ಐನಲ್ಲಿ ಎಸಿಎಲ್ ಪೂರ್ತಿ ಹರಿದಿದೆ. ಒಬ್ಬ ಡಾಕ್ಟರು ತಕ್ಷಣ ಆಪರೇಷನ್ ಅಂದರು, ಇನ್ನೊಬ್ಬರು ಕಾಯೋಣ ಅಂದರು. ಗದ್ದೆ ಕೆಲಸವೂ ಇದೆ.
— ಮಳವಳ್ಳಿ

ಉತ್ತರ: ಇಬ್ಬರೂ ತಪ್ಪು ಹೇಳಿಲ್ಲ. ಯಾರಿಗೆ ಹೇಳುತ್ತಿದ್ದೇವೆ ಎನ್ನುವುದರ ಮೇಲೆ ಉತ್ತರ ನಿಲ್ಲುತ್ತದೆ. ಸ್ವೀಡನ್ನಿನಲ್ಲಿ 121 ಮಂದಿ ಯುವಕ ಯುವತಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ, ಬೇಕಾದರೆ ಮಾತ್ರ ಆಪರೇಷನ್ ಎಂದು ನೋಡಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ನಂತರ ಎರಡೂ ಗುಂಪಿನ ಮಂಡಿಗಳ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಕಾದ ಗುಂಪಿನಲ್ಲಿ ಹತ್ತಕ್ಕೆ ನಾಲ್ವರು ಆ ಹೊತ್ತಿಗೆ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದವರಿಗೆ ಬೇಕಾಗಿರಲಿಲ್ಲ.

ನೀವು ಮೊದಲು ಎಂಆರ್‌ಐ ವರದಿಯಲ್ಲಿ ಮೆನಿಸ್ಕಸ್ ಬಗ್ಗೆ ಏನಿದೆ ಓದಿಸಿ. ಹರಿದ ಮೆನಿಸ್ಕಸ್ ಕೀಲಿಗೆ ಸಿಕ್ಕಿ ಮಂಡಿ ಲಾಕ್ ಆಗುತ್ತಿದ್ದರೆ, ಅಥವಾ ಹೊಲಿಯಬಹುದಾದ ಸೀಳಿದ್ದರೆ ಕಾಯುವುದು ಸರಿಯಲ್ಲ. ಅದಿಲ್ಲವಾದರೆ ಮೂರು ತಿಂಗಳು ಮನಸ್ಸಿಟ್ಟು ವ್ಯಾಯಾಮ ಮಾಡಿ, ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮಂಡಿ ಕಳಚಿದಂತೆ ಜಾರುತ್ತದೆಯೇ? ಬದುವಿನ ಮೇಲೆ ಮೂಟೆ ಹೊತ್ತು ನಡೆಯುವಾಗ, ಕೆಸರು ಗದ್ದೆಯಲ್ಲಿ ಕಾಲು ಕಿತ್ತು ತಿರುಗುವಾಗ ಜಾರುತ್ತಿದ್ದರೆ ಆಪರೇಷನ್ ಮಾಡಿಸಿ. ಪ್ರತಿ ಸಲ ಜಾರಿದಾಗಲೂ ಮೆನಿಸ್ಕಸ್ ಮತ್ತು ಮೃದ್ವಸ್ಥಿ ಸವೆಯುತ್ತವೆ. ಹರಿದ ಲಿಗಮೆಂಟಿಗಿಂತ ಆ ನಷ್ಟ ದೊಡ್ಡದು. ಜಾರದಿದ್ದರೆ, ಕ್ರಿಕೆಟ್ ಬಿಟ್ಟರೂ ಪರವಾಗಿಲ್ಲ ಅನ್ನುವುದಾದರೆ, ಹಾಗೆಯೇ ಮುಂದುವರಿಯಬಹುದು.

ಆಪರೇಷನ್ ಎಂದೇ ತೀರ್ಮಾನವಾದರೂ ಈ ವಾರವೇ ಟೇಬಲ್ ಹತ್ತಬೇಡಿ. ಬಿಸಿಯಾಗಿ ಊದಿ ಬಿಗಿದ ಮಂಡಿಗೆ ಕತ್ತರಿ ಹಾಕಿದರೆ ಆಮೇಲೆ ಅದು ಗಟ್ಟಿಯಾಗಿ ಕೂರುತ್ತದೆ. ಊತ ಇಳಿದು, ಪೂರ್ತಿ ನೇರವಾಗಿ, ಕುಂಟದೆ ನಡೆಯುವಂತಾದ ಮೇಲೆ ಮಾಡಿಸಿಕೊಂಡವರ ಚೇತರಿಕೆ ಸಲೀಸು.

ಪ್ರಶ್ನೆ: ಮಂಡಿ ಉಳುಕಿದೆ ಎಂದು ಎಣ್ಣೆ ಹಾಕಿ ನೀವಿಸಿದೆ, ಪಟ್ಟು ಹಾಕಿ ಕಟ್ಟಿಸಿದ್ದೇನೆ. ಎಷ್ಟು ದಿನ ಬಿಡಬೇಕು?
— ನಾಗಮಂಗಲ

ಉತ್ತರ: ಬಿಚ್ಚಿಸಿ. ಪೆಟ್ಟಾದ ಎರಡರಿಂದ ಆರು ಗಂಟೆಯೊಳಗೆ ಊದಿದ ಮಂಡಿಯೊಳಗೆ ಸಾಮಾನ್ಯವಾಗಿ ಇರುವುದು ರಕ್ತ. ಅದನ್ನು ಬಲವಾಗಿ ನೀವಿದರೆ ರಕ್ತಸ್ರಾವ ಹೆಚ್ಚುತ್ತದೆ. ಹರಿದ ಎಸಿಎಲ್ ಎಷ್ಟು ದಿನ ಕಟ್ಟಿಟ್ಟರೂ ಕಟ್ಟಿನಿಂದ ಕೂಡಿಕೊಳ್ಳುವುದಿಲ್ಲ, ಆದರೆ ಮೂರು ವಾರ ಅಲುಗಾಡದ ತೊಡೆ ಮಾತ್ರ ಕಣ್ಣೆದುರೇ ಕರಗುತ್ತದೆ. ಮಂಡಿಯ ಎಕ್ಸ್‌ರೇ ತೆಗೆಸಿ, ಮೂಳೆ ತಜ್ಞರಿಂದ ಕೈಯಲ್ಲಿ ಎಳೆದು ನೋಡಿಸಿ. ನುರಿತ ಕೈಗೆ ಸಿಗುವ ಮಾಹಿತಿ ಎಷ್ಟೋ ಸಲ ಎಂಆರ್‌ಐಗೆ ಸರಿಸಮ.

ಪ್ರಶ್ನೆ: ಎಸಿಎಲ್ ಆಪರೇಷನ್ ಆಗಿ ಆರು ತಿಂಗಳು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆಂದು ಹರಕೆ. ಹತ್ತಬಹುದಾ ಮೇಡಂ?
— ನಂಜುಮಳಿಗೆ, ಮೈಸೂರು

ಉತ್ತರ: ಹತ್ತಬಹುದು, ಇಳಿಯಬೇಡಿ. ಸಾವಿರಕ್ಕೂ ಮಿಕ್ಕ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಮಂಡಿಗೆ ಅಷ್ಟು ತೊಂದರೆಯಿಲ್ಲ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ತೊಡೆಯ ಮುಂಭಾಗ ಉದ್ದವಾಗುತ್ತಲೇ ಇಡೀ ಮೈಭಾರವನ್ನು ತಡೆದು ಇಳಿಸಬೇಕು. ಅದು ದಣಿದ ಮೇಲೆ ಮಂಡಿಚಿಪ್ಪು ಉರಿಯುತ್ತದೆ, ಕಾಲು ಮಡಚಿಕೊಳ್ಳುತ್ತದೆ. ದರ್ಶನ ಮಾಡಿ ಸಿಟಿ ಬಸ್ಸಿನಲ್ಲಿ ಇಳಿದು ಬನ್ನಿ. ದೇವಿ ಬೇಡ ಅನ್ನಲಾರಳು.

ಅದಕ್ಕೂ ಮೊದಲು ಮನೆಯ ಮೆಟ್ಟಿಲ ಮೇಲೆ ಒಂದು ಪರೀಕ್ಷೆ. 20 ಸೆಂ.ಮೀ. ಎತ್ತರದ ಮೆಟ್ಟಿಲ ಅಂಚಿನಲ್ಲಿ ಆಪರೇಷನ್ ಆದ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿಯನ್ನು ಮೂರು ಎಣಿಸುತ್ತ ನೆಲಕ್ಕೆ ತಾಕಿಸಿ ಮೇಲೆ ಬನ್ನಿ. ಹತ್ತು ಸಲ, ಮಂಡಿ ಒಳಕ್ಕೆ ಬಾಗದೆ, ಸೊಂಟ ವಾಲದೆ ಮಾಡಲು ಬರಬೇಕು. ಬಂದರೆ ಒಂದು ವಾರದ ದಿನ ಬೆಳಗಿನ ಜಾವ ನಂದಿಯವರೆಗೆ ಮಾತ್ರ ಹತ್ತಿ ರಸ್ತೆಗೆ ಬಂದು ವಾಹನ ಹಿಡಿಯಿರಿ. ಮರುದಿನ ಊತ ಬರದಿದ್ದರೆ ಮುಂದಿನ ಸಲ ಪೂರ್ತಿ. ಆಷಾಢ ಶುಕ್ರವಾರದ ನೂಕುನುಗ್ಗಲಿನಲ್ಲಿ ಬೇಕಾದಲ್ಲಿ ನಿಲ್ಲಲು ಆಗುವುದಿಲ್ಲ, ಜಡಿಮಳೆಗೆ ಕಲ್ಲು ಜಾರುತ್ತದೆ. ಬೇರೆ ವಾರ ಆರಿಸಿಕೊಂಡರೆ ಒಳ್ಳೆಯದು. ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತ ಬಗ್ಗಿ ಏಳುವ ಹರಕೆಯಾಗಿದ್ದರೆ ಅದನ್ನು ಮುಂದಿನ ವರ್ಷಕ್ಕಿಡಿ.

ಪ್ರಶ್ನೆ: ಗರಡಿ ಹುಡುಗ ನಾನು. ಎದುರಾಳಿ ಕಾಲಿಗೆ ಕಾಲು ಕೊಟ್ಟು ಎಳೆದಾಗ ಮಂಡಿಯ ಒಳಮಗ್ಗುಲು ಹರಿಯಿತು. ಡಾಕ್ಟರು ಎಂಸಿಎಲ್ ಗ್ರೇಡ್ 2, ಆಪರೇಷನ್ ಬೇಡ ಅಂದರು. ಮೂರು ವಾರವಾಯಿತು. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಹೆಸರು ಕೊಡಲೇ? ಬಸ್ಕಿ ಯಾವಾಗ ಹೊಡೆಯಲಿ?
— ನಜರ್‌ಬಾದ್, ಮೈಸೂರು

ಉತ್ತರ: ನಿಮ್ಮದು ಒಳ್ಳೆಯ ಸುದ್ದಿ. ಒಳಮಗ್ಗುಲಿನ ಲಿಗಮೆಂಟ್ ಕೀಲಿನ ಹೊರಗಿದೆ, ರಕ್ತ ಚೆನ್ನಾಗಿ ಸಿಗುತ್ತದೆ, ತಾನಾಗಿ ಮಾಯುತ್ತದೆ. ಪಕ್ಕಕ್ಕೆ ಎಳೆಯದಂತೆ ಕಾಯ್ದುಕೊಳ್ಳಬೇಕು, ಅಷ್ಟೇ. ಕೀಲು ಇರುವ ಹಿಂಜ್ ಬ್ರೇಸ್ ನಾಲ್ಕರಿಂದ ಆರು ವಾರ ಹಾಕಿ. ಬಟ್ಟೆಯ ಮಂಡಿ ಕ್ಯಾಪ್ ಬಿಸಿ ಕೊಡುತ್ತದೆಯೇ ಹೊರತು ಪಕ್ಕದ ಎಳೆತ ತಡೆಯುವುದಿಲ್ಲ. ಮಲಗುವಾಗ ಆ ಕಾಲನ್ನು ಮೇಲಕ್ಕೆ ಹಾಕಿ ಪಕ್ಕಕ್ಕೆ ಮಲಗಿದರೆ ಮಂಡಿ ಒಳಕ್ಕೆ ಬೀಳುತ್ತದೆ, ನಡುವೆ ದಿಂಬಿಡಿ.

ಸೈಕಲ್ ಈಗಲೇ ತುಳಿಯಬಹುದು. ಬಸ್ಕಿಯನ್ನು ಗೋಡೆಗೊರಗಿ 60 ಡಿಗ್ರಿಯವರೆಗೆ 10ರಂತೆ ಮೂರು ಸುತ್ತಿನಿಂದ ಶುರುಮಾಡಿ, ವಾರಕ್ಕಿಷ್ಟು ಆಳ ಹೆಚ್ಚಿಸಿ. ಹಳೆಯ ಲೆಕ್ಕದ ಐನೂರು ಬಸ್ಕಿ ಸದ್ಯಕ್ಕೆ ಮರೆಯಿರಿ. ಐನೂರು ಹಗುರ ಬಸ್ಕಿಗಿಂತ ಭುಜದ ಮೇಲೆ ತೂಕ ಹೊತ್ತ ಎಂಟು ಬಸ್ಕಿ ಮಂಡಿಗೆ ಹೆಚ್ಚು ಕಾವಲು. ಆರನೇ ವಾರಕ್ಕೆ ಮಂಡಿಯನ್ನು 30 ಡಿಗ್ರಿ ಮಡಚಿ ಹೊರಗಿನಿಂದ ಒಳಕ್ಕೆ ಒತ್ತಿ ತಜ್ಞರು ನೋಡಲಿ. ನೋವಿಲ್ಲದೆ, ಇನ್ನೊಂದು ಮಂಡಿಯಷ್ಟೇ ಬಿಗಿಯಿದ್ದರೆ ಅಡ್ಡ ಹೆಜ್ಜೆಯ ಓಟ, ಬಳಿಕ ಮಟ್ಟಿಯಲ್ಲಿ ಮೇಲುಮೈ ಪಟ್ಟುಗಳು, ಕೊನೆಗೆ ಕಾಲು ಕೊಡುವ ಪಟ್ಟುಗಳು. ದಸರಾಕ್ಕೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಸಮಯವಿದ್ದು, ಪೂರ್ತಿ ಅಭ್ಯಾಸದಲ್ಲಿ ಎರಡು ವಾರವಾದರೂ ಕಳೆಯಲು ಆಗುವಂತಿದ್ದರೆ ಹೆಸರು ಕೊಡಿ. ಒಂದು ವಿಷಯ ಮಾತ್ರ ಖಾತ್ರಿ ಮಾಡಿಕೊಳ್ಳಿ: ಇಂಥದೇ ಎಳೆತದಲ್ಲಿ ಎಸಿಎಲ್ ಕೂಡ ಹರಿಯುವುದುಂಟು. ಪೆಟ್ಟಾದ ದಿನವೇ ಮಂಡಿ ಗುಂಡಗೆ ಊದಿದ್ದರೆ ಅದನ್ನೂ ನೋಡಿಸಿ.

ಪ್ರಶ್ನೆ: ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಖೋಖೋ, ಥ್ರೋಬಾಲ್ ಕಲಿಸುತ್ತೇನೆ. ಇಬ್ಬರಿಗೆ ಮಂಡಿ ಪೆಟ್ಟಾಯಿತು. ತಡೆಯಲು ಏನು ಮಾಡಬಹುದು?
— ದೈಹಿಕ ಶಿಕ್ಷಕಿ, ಪಾಂಡವಪುರ

ಉತ್ತರ: ಮೈದಾನಕ್ಕೆ ಎರಡು ಸುತ್ತು ಓಡಿಸಿ ಆಟಕ್ಕೆ ಬಿಡುವ ಬದಲು, ಮೊದಲ 15-20 ನಿಮಿಷವನ್ನು ಬೇರೆ ರೀತಿ ಬಳಸಿ. ಫುಟ್‌ಬಾಲಿನವರು ಫಿಫಾ 11+ ಎಂಬ ವಾರ್ಮ್‌ಅಪ್ ಮಾಡಿದ್ದಾರೆ. ನಾರ್ವೆಯ 13ರಿಂದ 17 ವರ್ಷದ ಹುಡುಗಿಯರಲ್ಲಿ ಅದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದ್ದವು. ಚೆಂಡು ಬಿಟ್ಟರೆ ಬೇರೆ ಸಲಕರಣೆ ಬೇಡ. ವಾರಕ್ಕೆ ಎರಡು ಸಲವಾದರೂ ತಪ್ಪದೆ ಮಾಡಿಸಬೇಕು. ಟೂರ್ನಮೆಂಟಿಗೆ ಮುಂಚಿನ ವಾರ ಮಾತ್ರ ಮಾಡಿಸಿದರೆ ಉಪಯೋಗವಿಲ್ಲ.

ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಹಗುರ ಓಟದಿಂದ ಶುರುಮಾಡಿ. ಪ್ಲ್ಯಾಂಕ್ 20-30 ಸೆಕೆಂಡ್ ಮೂರು ಸಲ, ಪಕ್ಕದ ಪ್ಲ್ಯಾಂಕ್ ಅಷ್ಟೇ. ಜೋಡಿಯಾಗಿ ಹಿಮ್ಮಡಿ ಹಿಡಿಸಿ ನೋರ್ಡಿಕ್ ಮೂರರಿಂದ ಐದು. ಒಂಟಿ ಕಾಲಲ್ಲಿ 30 ಸೆಕೆಂಡ್ ನಿಂತು ಗೆಳತಿಗೆ ಚೆಂಡು ಎಸೆಯುವುದು. ಸ್ಕ್ವಾಟ್, ಮುಂದೆ ಕಾಲಿಟ್ಟು ಬಾಗುವುದು ಹತ್ತು ಹತ್ತು. ಆಮೇಲೆ ಮುಖ್ಯವಾದದ್ದು: ನೆಗೆದು ಇಳಿಯುವುದು. ಮಂಡಿ ಎರಡನೇ ಕಾಲ್ಬೆರಳಿನ ನೇರಕ್ಕಿರಬೇಕು, ಎರಡು ಮಂಡಿ ಒಂದಕ್ಕೊಂದು ತಾಕುವಂತೆ ಒಳಕ್ಕೆ ಬೀಳಬಾರದು, ಇಳಿದ ಸದ್ದು ಕೇಳಬಾರದು. ಕೊನೆಗೆ ಖೋಖೋ ಕಂಬದ ಬಳಿ ತಿರುಗುವ ಅಭ್ಯಾಸ: ಒಂದೇ ದೊಡ್ಡ ಹೆಜ್ಜೆಯೂರಿ ತಿರುಗುವ ಬದಲು ಮೂರು ಸಣ್ಣ ಹೆಜ್ಜೆಯಲ್ಲಿ ವೇಗ ತಗ್ಗಿಸಿ, ಮಂಡಿ ಮಡಚಿ ತಿರುಗಲು ಕಲಿಸಿ.

ಒಂದೇ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಎಸಿಎಲ್ ಹರಿಯುವ ಸಂಭವ ಎರಡು ಮೂರು ಪಟ್ಟು ಹೆಚ್ಚು, ಅದರಲ್ಲೂ ಎತ್ತರ ಸರ್ರನೆ ಏರುವ ವಯಸ್ಸಿನಲ್ಲಿ. ಇದನ್ನು ಆಟ ಬಿಡಿಸಲು ನೆಪವಾಗಿಸಬೇಡಿ. ಹುಡುಗರಿಗೆ ಜಿಮ್ಮು, ಗರಡಿ, ಬೀದಿಯಾಟದಲ್ಲಿ ಸಿಗುವ ಬಲ ಹುಡುಗಿಯರಿಗೆ ಶಾಲೆಯ ಮೈದಾನದಲ್ಲಷ್ಟೇ ಸಿಗುವುದು ಎಷ್ಟೋ ಕಡೆ ಇದೆ.

ಪ್ರಶ್ನೆ: ಆಪರೇಷನ್ ನಂತರ ಕಾಲು ಸೂಪು ಕುಡಿದರೆ ಲಿಗಮೆಂಟ್ ಬೇಗ ಕೂಡುತ್ತಂತೆ, ನಿಜವಾ? ಏನು ತಿನ್ನಬೇಕು?
— ಕೆ.ಆರ್. ಪೇಟೆ

ಉತ್ತರ: ಸೂಪು ಕುಡಿಯಿರಿ, ಆದರೆ ಅದೇ ಲಿಗಮೆಂಟ್ ಆಗುವುದಿಲ್ಲ. ಬೇಕಾಗಿರುವುದು ಒಟ್ಟು ಪ್ರೋಟೀನ್: ಮೈತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.6 ಗ್ರಾಂ. 60 ಕೆ.ಜಿ. ತೂಕದವರಿಗೆ 95 ಗ್ರಾಂ ಹತ್ತಿರ. ಮುದ್ದೆ, ಅನ್ನ ಎರಡೂ ಸೇರಿ 20 ಗ್ರಾಂ ಸಿಗಬಹುದು, 50 ಗ್ರಾಂ ಹುರುಳಿಕಾಳಿನಿಂದ 11, ಅರ್ಧ ಲೀಟರ್ ಹಾಲಿನಿಂದ 16, ಮೂರು ಮೊಟ್ಟೆಯಿಂದ 18. ಹುರುಳಿ ಬಸ್ಸಾರಿನಲ್ಲಿ ಕಟ್ಟು ಮಾತ್ರ ಸುರಿದುಕೊಂಡು ಕಾಳು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಉಳಿದದ್ದಕ್ಕೆ ಒಂದು ಹಿಡಿ ಕಡಲೆಕಾಯಿ, ಕೋಳಿ ಅಥವಾ ಮೀನು. ಮಾಂಸ ತಿನ್ನದವರು 50 ಗ್ರಾಂ ಸೋಯಾ ಚಂಕ್ಸ್ ಹಾಕಿಕೊಂಡರೆ 26 ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿ ಮುಂದುವರಿಯಿರಿ.

ಪ್ರಶ್ನೆ: ಫುಟ್‌ಬಾಲ್ ಆಡುತ್ತಿದ್ದೆ. ಆಪರೇಷನ್ ಆಗಿ ಹನ್ನೊಂದು ತಿಂಗಳು, ಪರೀಕ್ಷೆಯೆಲ್ಲ ಪಾಸು. ಆದರೂ ಟ್ಯಾಕಲ್ ಬಂದರೆ ಕಾಲು ಹಿಂದೆ ಸರಿಯುತ್ತದೆ. ನಾನು ಹೇಡಿಯಾದೆನೇ?
— ಮಾನಸಗಂಗೋತ್ರಿ, ಮೈಸೂರು

ಉತ್ತರ: ಇಲ್ಲ. ಆಪರೇಷನ್ ಆದವರಲ್ಲಿ ನೂರಕ್ಕೆ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳುತ್ತಾರೆ, ಹಳೆಯ ಮಟ್ಟಕ್ಕೆ 65 ಮಂದಿ, ಸ್ಪರ್ಧೆಗೆ 55 ಮಂದಿ ಎಂದು 2014ರ ದೊಡ್ಡ ಪರಿಶೀಲನೆ ತೋರಿಸಿತು. ಮಂಡಿ ಸರಿಯಿದ್ದೂ ಭಯಕ್ಕೆ ನಿಂತವರು ಅದರಲ್ಲಿ ಬೇಕಾದಷ್ಟಿದ್ದಾರೆ. ಭಯವನ್ನೂ ಅಳೆಯಲು ಎಸಿಎಲ್-ಆರ್‌ಎಸ್‌ಐ ಎಂಬ 12 ಪ್ರಶ್ನೆಗಳ ಪಟ್ಟಿಯಿದೆ, ಫಿಸಿಯೋ ಬಳಿ ತುಂಬಿಸಿ. ಟ್ಯಾಕಲ್ ಒಂದನ್ನೇ ಹಂತ ಹಂತವಾಗಿ ಅಭ್ಯಾಸ ಮಾಡಿ: ಮೊದಲು ನಿಂತಲ್ಲೇ ಗೆಳೆಯ ಭುಜದಿಂದ ತಳ್ಳಲಿ, ಆಮೇಲೆ ನಡೆಯುತ್ತ, ಆಮೇಲೆ ಚೆಂಡಿನೊಡನೆ ಅರ್ಧ ವೇಗದಲ್ಲಿ. ಮನಸ್ಸು ಒಪ್ಪದೆ ಅರೆಮನಸ್ಸಿನಿಂದ ಕಾಲೊಡ್ಡಿದರೆ ಆಗಲೇ ಪೆಟ್ಟಾಗುವುದು. ಅಲ್ಲಿಯವರೆಗೆ ಪಂದ್ಯ ಬೇಡ.

ಪ್ರಶ್ನೆ: ಎಸಿಎಲ್ ಆಪರೇಷನ್ ಆದ ಮೇಲೆ ಬೈಕ್ ಯಾವಾಗ ಓಡಿಸಬಹುದು?
— ಶ್ರೀರಂಗಪಟ್ಟಣ ಮತ್ತು ಇತರೆಡೆಯ ಹಲವರು

ಉತ್ತರ: ಆರು ವಾರಕ್ಕಿಂತ ಮೊದಲು ಬೇಡ. ಕುಂಟದೆ ನಡೆಯಲು, ಆ ಒಂದೇ ಕಾಲಲ್ಲಿ 30 ಸೆಕೆಂಡ್ ನಿಲ್ಲಲು ಬರಬೇಕು. ಬಲಗಾಲಾಗಿದ್ದರೆ ಹಿಂದಿನ ಬ್ರೇಕನ್ನು ಗಕ್ಕನೆ ಒತ್ತಲು ಬರಬೇಕು. ಸಿಗ್ನಲ್ಲಿನಲ್ಲಿ ನಿಲ್ಲಿಸುವಾಗ ಚೆನ್ನಾಗಿರುವ ಕಾಲನ್ನೇ ಊರಿ. ಗಾಡಿ ವಾಲಿದರೆ ಹಿಡಿಯಲು ಹೋಗಬೇಡಿ, ಬೀಳಲು ಬಿಡಿ. ಗಾಡಿಯ ಭಾರಕ್ಕೆ ಮಂಡಿ ತಿರುಚಿಕೊಳ್ಳುವುದು ಆಗಲೇ. ಕಿಕ್ ಹೊಡೆಯುವುದು ನಾಲ್ಕು ತಿಂಗಳವರೆಗೆ ನಿಷಿದ್ಧ, ಬ್ಯಾಟರಿ ಇಳಿದಿದ್ದರೆ ಬೇರೆಯವರಿಂದ ಹೊಡೆಸಿ. ಸೆಂಟರ್ ಸ್ಟ್ಯಾಂಡ್ ಹಾಕುವ ಕೆಲಸವನ್ನೂ ಅಲ್ಲಿಯವರೆಗೆ ಮನೆಯವರಿಗೆ ಬಿಡಿ.